ಮಲಪ್ರಭೆಯ ಜೊತೆಜೊತೆಗೆ: ಹಗುರ ಚೀಲ, ಹೊಸ ಗಾಲಿ, ಜಾಲಿ ಮುಳ್ಳು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದ ಕಾಡು ದಾಟಿ ಬಯಲಿಗೆ ಇಳಿಯುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಣೆಕಟ್ಟಿನಿಂದ ಸಂಗಮದವರೆಗಿನ ಈ ದಾರಿಯನ್ನು ನದಿಯ ಆಸುಪಾಸಿನಲ್ಲೇ ಸೈಕಲ್ಲಿನ ಮೇಲೆ ಸಾಗಿ, ಕೊನೆಗೆ ವಿಜಯಪುರ ಮುಟ್ಟಬೇಕೆಂದು ನಾನು ಮತ್ತು ನನ್ನ ಅಕ್ಕನ ಮಗ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬೆಳಗಾವಿಯಿಂದ ಹೊರಟೆವು. ಅವನು ಹೊಸ ಸೈಕಲ್ ಕೊಂಡಿದ್ದ. ಅದಕ್ಕೆ ತಕ್ಕಂತೆ ಹಗುರವಾದ ಡೇರೆ, ಹಾಸಿಗೆ, ಚೀಲಗಳನ್ನು ಒಂದೊಂದಾಗಿ ಕೂಡಿಸಿಕೊಂಡಿದ್ದ. ಪೇಟೆಯಲ್ಲಿ ಹೊಗಳಿ ಮಾರುವ ಈ ವಸ್ತುಗಳು ನಮ್ಮ ಎರೆ ಮಣ್ಣಿನಲ್ಲಿ, ನಮ್ಮ ಮುಳ್ಳಿನಲ್ಲಿ, ನಮ್ಮ ಪಂಕ್ಚರ್ ಅಂಗಡಿಗಳ ನಡುವೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಕಣ್ಣಾರೆ ನೋಡುವ ಆಸೆ ಇಬ್ಬರಿಗೂ ಇತ್ತು.

ನನ್ನದು ಉಕ್ಕಿನ ಫ್ರೇಮಿನ, 26 ಇಂಚಿನ ಗಾಲಿಯ, ಹಿಂದೆ ಕ್ಯಾರಿಯರ್ ಮತ್ತು ಎರಡು ಬದಿಚೀಲಗಳಿರುವ ಹಳೆಯ ಸೈಕಲ್. ಅಳಿಯನದು ಟಾರು, ಕಚ್ಚಾ ದಾರಿ ಎರಡಕ್ಕೂ ಒಗ್ಗುವ ಗ್ರಾವೆಲ್ ಬೈಕ್: ಅಲ್ಯೂಮಿನಿಯಂ ಫ್ರೇಮು, 45 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟಯರು, ಮುಂದೆ ಒಂದೇ ಚೈನ್‌ವೀಲು, ಹಿಂದೆ 11 ಹಲ್ಲುಚಕ್ರಗಳ ಕ್ಯಾಸೆಟ್ಟು, ಕೇಬಲ್ಲಿನಿಂದ ನಡೆಯುವ ಡಿಸ್ಕ್ ಬ್ರೇಕು, ಮುಂಗಾಲಿಯ ಹಬ್ಬಿನೊಳಗೇ ಅಡಗಿರುವ ಡೈನಮೊ. ಅದಕ್ಕೆ ಕ್ಯಾರಿಯರ್ ಇಲ್ಲ. ಸಾಮಾನೆಲ್ಲ ಫ್ರೇಮಿಗೇ ಬಿಗಿದ ಚೀಲಗಳಲ್ಲಿ ಇರುತ್ತದೆ. ನೀರು, ಹತಾರ, ಪವರ್ ಬ್ಯಾಂಕಿನಂಥ ತೂಕದ ವಸ್ತುಗಳು ಫ್ರೇಮಿನ ತ್ರಿಕೋನದಲ್ಲಿ ಕೆಳಗೆ ಕೂರಬೇಕು. ಮಲಗುವ ಚೀಲ, ಬಟ್ಟೆ ಸೀಟಿನ ಹಿಂದೆ. ಡೇರೆ ಹ್ಯಾಂಡಲ್ಲಿನ ಮುಂದೆ. ತ್ರಿಕೋನದ ಚೀಲವನ್ನು ಖಡೇ ಬಜಾರಿನಲ್ಲಿ ಸೀಟ್ ಕವರ್ ಹೊಲಿಯುವವರೊಬ್ಬರು ರಟ್ಟಿನ ಅಳತೆ ಹಿಡಿದು ಹೊಲಿದುಕೊಟ್ಟಿದ್ದರು. ಫೋರ್ಕಿನ ಮೇಲೆ ನೀರಿನ ಬಾಟಲಿಯ ಪಂಜರವನ್ನು ಮೂರು ಬೋಲ್ಟುಗಳಿಂದ ಕೂರಿಸಲು ಬೇಕಾದ ಪುಟ್ಟ ಅಲ್ಯೂಮಿನಿಯಂ ತುಂಡುಗಳು ಉದ್ಯಮಬಾಗದ ಲೇಥಿನಲ್ಲಿ ಒಂದೇ ಸಂಜೆಯಲ್ಲಿ ತಯಾರಾದವು. ಹೊರಗಿನಿಂದ ತರಿಸಿದ ಚೀಲಗಳಿಗೆ ಕೊಟ್ಟ ಹಣ ನೆನೆದರೆ ಈ ಎರಡೂ ಕೆಲಸಗಳು ಅಗ್ಗವಾಗಿಯೂ ಅಳತೆಗೆ ಸರಿಯಾಗಿಯೂ ಬಂದವು.

ಬೆಳಗಾವಿಯಿಂದ ನವಿಲುತೀರ್ಥಕ್ಕೆ

ಸಾಂಬ್ರಾ, ನೇಸರಗಿ, ಯರಗಟ್ಟಿಯ ರಸ್ತೆ ಡಿಸೆಂಬರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ರಸ್ತೆಯಾಗಿಬಿಡುತ್ತದೆ. ಒಂದರ ಹಿಂದೊಂದು ಎರಡು ಟ್ರಾಲಿ ಕಟ್ಟಿಕೊಂಡು, ಹಾಡು ಜೋರಾಗಿ ಹಾಕಿಕೊಂಡು ಬರುವ ಚಾಲಕನಿಗೆ ಸೈಕಲ್ಲಿನ ಗಂಟೆ ಕೇಳಿಸುವುದು ಸಾಧ್ಯವೇ ಇಲ್ಲ. ಹಾಗಾಗಿ ಹಿಂದಿನ ಕೆಂಪು ದೀಪವನ್ನು ಹಗಲಿನಲ್ಲೂ ಮಿನುಗಿಸುತ್ತಲೇ ಹೋದೆವು. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಸೈಕಲ್ ಹೊಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ರಾಲಿಯಿಂದ ಬಿದ್ದ ಕಬ್ಬಿನ ತುಂಡುಗಳ ಮೇಲೆ ಅಳಿಯನ ಅಗಲ ಟಯರುಗಳು ಜಾರದೆ ಹಾಯ್ದುಹೋಗುತ್ತಿದ್ದವು. ಅಷ್ಟು ಅಗಲದ ಟಯರಿಗೆ 35ರಿಂದ 40 ಪಿ.ಎಸ್.ಐ. ಗಾಳಿ ಸಾಕಾಗುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಟಯರು ರಸ್ತೆಯ ಏರುತಗ್ಗುಗಳಿಗೆ ಬಗ್ಗಿಕೊಡುತ್ತದೆ, ಕೈಗೆ ಬಡಿತ ಕಡಿಮೆಯಾಗುತ್ತದೆ. ನನ್ನ ಸಪೂರ ಟಯರುಗಳಿಗೆ ಆ ಸುಖವಿರಲಿಲ್ಲ.

ನೇಸರಗಿ ದಾಟಿದ ಮೇಲೆ ಕಾಲುದಾರಿಯೊಂದನ್ನು ಹಿಡಿದೆವು. ರಾತ್ರಿ ಯಾರೋ ಹೊಲಕ್ಕೆ ನೀರು ಬಿಟ್ಟಿದ್ದರು, ಅದು ದಾರಿಗೆ ಹರಿದು ಎರೆ ಮಣ್ಣು ಅಂಟಾಗಿತ್ತು. ಒದ್ದೆ ಎರೆಯಲ್ಲಿ ಗಾಲಿ ಹತ್ತು ಸುತ್ತು ತಿರುಗುವಷ್ಟರಲ್ಲಿ ಟಯರಿಗೂ ಫೋರ್ಕಿಗೂ ನಡುವಿನ ಜಾಗವೆಲ್ಲ ತುಂಬಿ ಸೈಕಲ್ ನಿಂತುಬಿಡುತ್ತದೆ. ಗ್ರಾವೆಲ್ ಬೈಕ್ ಕೊಳ್ಳುವವರು ಟಯರಿನ ಅಗಲವನ್ನಷ್ಟೇ ಕೇಳುತ್ತಾರೆ. ನಮ್ಮ ಕಡೆಯವರು ಟಯರು ಕೂರಿಸಿದ ಮೇಲೆ ಎರಡೂ ಬದಿಗೆ ಬೆರಳು ತೂರುವಷ್ಟು ಜಾಗ ಉಳಿಯುತ್ತದೆಯೇ ಎಂದು ಕೇಳಬೇಕು. ಬೇಲಿಯ ಕಟ್ಟಿಗೆಯಿಂದ ಮಣ್ಣು ಕೆರೆದು, ಸೈಕಲ್ಲುಗಳನ್ನು ಹೊತ್ತುಕೊಂಡು ಟಾರು ರಸ್ತೆಗೆ ಮರಳಿದೆವು. ಫ್ರೇಮಿನ ತ್ರಿಕೋನದಲ್ಲಿ ಚೀಲ ತುಂಬಿರುವ ಸೈಕಲ್ಲನ್ನು ಹೆಗಲಿಗೆ ಹಾಕಿಕೊಳ್ಳಲು ಬರುವುದಿಲ್ಲ ಎಂಬ ಸಂಗತಿಯನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ಅಳಿಯ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡೇ ನಡೆಯಬೇಕಾಯಿತು.

ಯರಗಟ್ಟಿಯ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಉಂಡು, ಯಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರ ಗಾಡಿಗಳ ಜೊತೆಯಲ್ಲೇ ಸವದತ್ತಿ ಸೇರಿದಾಗ ಹೊತ್ತು ಇಳಿಯುತ್ತಿತ್ತು. ಹಿನ್ನೀರಿನ ಮೇಲ್ಗಡೆ ಕಡಲೆ ಬಿತ್ತಿದ ಹೊಲವೊಂದರ ಒಡೆಯರನ್ನು ಕಂಡು, ಒಂದು ರಾತ್ರಿ ಬದುವಿನ ಮೇಲೆ ಡೇರೆ ಹಾಕಿಕೊಳ್ಳಬಹುದೇ ಎಂದು ಕೇಳಿದೆ. ಅವರು ನಮ್ಮ ಊರು, ಮನೆತನ ವಿಚಾರಿಸಿದರು. “ಹಾಕ್ರಿ, ಆದ್ರ ಕೆಳಗ ನೀರಿನ ಕಡೆ ಬ್ಯಾಡ್ರಿ. ಇಬ್ಬನಿ ಭಾಳ ಬೀಳ್ತೈತಿ. ಮ್ಯಾಲ ಬೇವಿನ ಗಿಡದ ಬುಡಕ ಹಾಕ್ರಿ” ಎಂದರು.

ನಾನು ಬೇವಿನ ಬುಡಕ್ಕೇ ಹೋದೆ. ಅಳಿಯನಿಗೆ ಅಮಾವಾಸ್ಯೆಯ ಮುಂಚಿನ ಕಪ್ಪು ಆಕಾಶದ ನಕ್ಷತ್ರಗಳನ್ನು ನೋಡುತ್ತ ಮಲಗುವ ಆಸೆ. ಅವನು ಬಯಲಿನಲ್ಲೇ ಡೇರೆ ಕಟ್ಟಿದ. ಅವನದು ಸಿಲಿಕೋನ್ ಲೇಪಿಸಿದ ನೈಲಾನಿನ ಒಂದೇ ಪದರದ ಡೇರೆ, ತೂಕ ಒಂದು ಕಿಲೋಗಿಂತ ಕಡಿಮೆ. ಅದರ ಕಂಬಗಳು ಮಡಚಿದಾಗ ಸುಮಾರು 30 ಸೆಂ.ಮೀ. ಉದ್ದಕ್ಕೆ ಬರುತ್ತವೆ, ಆದ್ದರಿಂದ ಬಾಗಿದ ಹ್ಯಾಂಡಲ್ಲಿನ ನಡುವೆ ಸಲೀಸಾಗಿ ಕೂರುತ್ತವೆ. ಸಾಮಾನ್ಯ ಚಾರಣದ ಡೇರೆಯ ಉದ್ದ ಕಂಬಗಳು ಅಲ್ಲಿ ಹಿಡಿಯುವುದೇ ಇಲ್ಲ. ನನ್ನದು ಎರಡು ಪದರದ್ದು, ತೂಕ ಅದರ ಎರಡರಷ್ಟು. ಬೆಳಿಗ್ಗೆ ಎದ್ದಾಗ ನನ್ನ ಡೇರೆ ಬಹುಮಟ್ಟಿಗೆ ಒಣಗಿಯೇ ಇತ್ತು. ಅಳಿಯನ ಡೇರೆಯ ಒಳಮೈ ತೊಟ್ಟಿಕ್ಕುತ್ತಿತ್ತು. ಮಲಗುವ ಚೀಲದ ಕಾಲ್ತುದಿ ನೆನೆದಿತ್ತು. ನೀರು ಹೀರಿ ಸಡಿಲಾದ ನೈಲಾನು ಜೋತುಬಿದ್ದಿತ್ತು. ಮೋಡವಿಲ್ಲದ ರಾತ್ರಿಯಲ್ಲಿ ತೆರೆದ ಬಯಲಿನ ಬಟ್ಟೆ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಹೊರಗಿನಿಂದ ಇಬ್ಬನಿ, ಒಳಗಿನಿಂದ ನಮ್ಮ ಉಸಿರಿನ ತೇವ ಅದರ ಮೇಲೆಯೇ ಹನಿಗಟ್ಟುತ್ತವೆ. ಮರದ ಕೊಂಬೆಗಳು ಆಕಾಶವನ್ನು ಮರೆಮಾಡಿದರೆ ಬಟ್ಟೆ ಅಷ್ಟು ತಣಿಯುವುದಿಲ್ಲ. ಇದೆಲ್ಲ ಬರೆದಿಟ್ಟ ವಿಜ್ಞಾನ; ಹೊಲದ ಒಡೆಯರು ಅದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಡಿಸೆಂಬರಿನ ಕೊನೆಯಲ್ಲಿ ಈ ಬಯಲಿನ ರಾತ್ರಿ 12–15 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. 10 ಡಿಗ್ರಿಗೆ ಹೊಂದುವ ಮಲಗುವ ಚೀಲವಿದ್ದರೆ ಸಾಕು, ಹಿಮಾಲಯಕ್ಕೆ ಮಾಡಿದ ದಪ್ಪ ಚೀಲ ಇಲ್ಲಿ ಬರಿಯ ಹೊರೆ.

ಗಾಳಿ ತುಂಬುವ ಹಾಸಿಗೆಯ ಕುರಿತು ಒಂದು ಮಾತು. ಅದು ಅರ್ಧ ಕಿಲೋಗೂ ಕಡಿಮೆ ತೂಗುತ್ತದೆ, ಮುಷ್ಟಿಗಿಂತ ಸ್ವಲ್ಪ ದೊಡ್ಡದಾಗಿ ಮಡಚಿಕೊಳ್ಳುತ್ತದೆ, ಮಲಗಲು ಬಹಳ ಹಿತ. ಆದರೆ ಒಂದು ಜಾಲಿ ಮುಳ್ಳು ಸಾಕು, ನಡುರಾತ್ರಿ ನೆಲಕ್ಕೆ ಬೆನ್ನು ತಾಗಲು. ನಾವು ಟಾರ್ಚು ಹಿಡಿದು ನೆಲವನ್ನು ಅಂಗೈಯಿಂದ ಸವರಿ ನೋಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅನಂತರವೇ ಹಾಸಿಗೆ ಬಿಡಿಸಿದೆವು. ಆ ಹಾಳೆಯ ತೂಕವನ್ನು ಉಳಿಸಲು ಹೋಗಬಾರದು.

ರಾಮದುರ್ಗದ ಎರೆ ಹೊಲಗಳು

ಮರುದಿನ ಎಳ್ಳ ಅಮಾವಾಸ್ಯೆ. ಮುನವಳ್ಳಿಯ ದಾರಿಯಲ್ಲಿ ಬೆಳಗಿನಿಂದಲೇ ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊಲಗಳ ಕಡೆ ಹೊರಟಿದ್ದವು. ಬಿಳಿಜೋಳ ಎದೆಯೆತ್ತರಕ್ಕೆ ನಿಂತಿತ್ತು, ಕುಸುಬೆ ಇನ್ನೂ ಹೂಬಿಟ್ಟಿರಲಿಲ್ಲ. ರಾಮದುರ್ಗ ದಾಟಿ ಕುಳಗೇರಿ ಕ್ರಾಸಿನ ಕಡೆಗೆ ಹೋಗುತ್ತಿರುವಾಗ ಹೊಲದಿಂದ ಒಬ್ಬರು ಕೈಯೆತ್ತಿ ತಡೆದರು. “ಸೈಕಲ್ ನಿಲ್ಲಸ್ರಿ ಅಣ್ಣಾರ. ಇವತ್ತ ಚರಗ. ಉಣ್ಣದ ಹಂಗ ಹೋಗಬಾರದು.”

ಬನ್ನಿ ಗಿಡದ ಕೆಳಗೆ ಪೂಜೆ ಮುಗಿದು, ಚರಗ, ಅಂದರೆ ಹೊಲಕ್ಕೆ ಅರ್ಪಿಸುವ ಎಡೆ, ಚೆಲ್ಲಿ ಬಂದಿದ್ದರು. ಸಜ್ಜೆ ರೊಟ್ಟಿ, ಬದನೆಕಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ, ಕಡುಬು, ಮೊಸರು ಒಂದರ ಮೇಲೊಂದು ಎಲೆಗೆ ಬಿದ್ದವು. ಮನೆಯ ಹಿರಿಯ ಅಜ್ಜಿಗೆ ಅಳಿಯನ ಸೈಕಲ್ಲಿನ ಮೇಲೆಯೇ ಕಣ್ಣು.

“ಈ ಚೀಲದಾಗೆಲ್ಲ ಏನೈತೋ ಮಗಾ?”

“ಮಲಗೂ ಮನಿ ಐತಿ ಅಜ್ಜಿ.”

“ಮನಿ ಐತಿ ಅಂತಿ, ಅಡಗಿ ಮನಿ ಎಲ್ಲೈತಿ?”

ಅಡುಗೆಮನೆಯನ್ನು ನಾವು ಬೆಳಗಾವಿಯಲ್ಲೇ ಬಿಟ್ಟುಬಂದಿದ್ದೆವು. ಹೊರಡುವ ಮುಂಚೆ ಬಹಳ ಚರ್ಚೆ ನಡೆದದ್ದು ಇದೊಂದರ ಬಗ್ಗೆಯೇ. ಪುಟ್ಟ ಗ್ಯಾಸ್ ಒಲೆ, ತಿರುಪು ಬಾಯಿಯ ಗ್ಯಾಸ್ ಡಬ್ಬಿ, ಟೈಟಾನಿಯಂ ಪಾತ್ರೆ ಸೇರಿದರೆ ಅರ್ಧ ಕಿಲೋ ದಾಟುತ್ತದೆ. ಆ ಡಬ್ಬಿ ಖಾಲಿಯಾದರೆ ಸವದತ್ತಿಯಲ್ಲಾಗಲಿ ಬಾದಾಮಿಯಲ್ಲಾಗಲಿ ಇನ್ನೊಂದನ್ನು ಹುಡುಕಿಕೊಂಡು ಅಲೆಯಬೇಕು, ರೈಲಿನಲ್ಲಿ ಅದನ್ನು ಒಯ್ಯುವಂತೆಯೂ ಇಲ್ಲ. ಖಾನಾವಳಿ ಇಲ್ಲದ ಊರೇ ಇಲ್ಲದ ಸೀಮೆಯಲ್ಲಿ ಅದರ ಬದಲು ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಂಡಿದ್ದೆವು. ವಾರಗಟ್ಟಲೆ ಕೆಡದ, ನೀರಿನಂಶವೇ ಇಲ್ಲದ, ತೂಕವೇ ಇಲ್ಲದ ಖಡಕ್ ರೊಟ್ಟಿಗಿಂತ ಸೈಕಲ್ ಪ್ರವಾಸಕ್ಕೆ ಒಗ್ಗುವ ಆಹಾರವನ್ನು ನಾನು ಕಂಡಿಲ್ಲ. ಅದನ್ನು ಮುರಿದು ಡಬ್ಬಿಗೆ ತುಂಬಿದರೆ ಜಾಗವೂ ಕಡಿಮೆ. ಉಳಿದ ತೂಕವನ್ನು ನೀರಿಗೆ ಕೊಟ್ಟೆವು. ಒಂದು ಲೀಟರ್ ನೀರು ಒಂದು ಕಿಲೋ, ಅದನ್ನು ಹಗುರ ಮಾಡುವ ತಂತ್ರಜ್ಞಾನ ಯಾವುದೂ ಇಲ್ಲ, ಮಧ್ಯಾಹ್ನ 30 ಡಿಗ್ರಿ ಮುಟ್ಟುವ ಬಯಲಿನಲ್ಲಿ ತಲೆಗೆ ಮೂರು ಲೀಟರ್ ಬೇಕೇ ಬೇಕು. ಅಜ್ಜಿ ನಮ್ಮ ವಿವರಣೆಯನ್ನು ಕೇಳಿ, ಎರಡು ಹೋಳಿಗೆ ಬಟ್ಟೆಯಲ್ಲಿ ಸುತ್ತಿ ಅಳಿಯನ ಹ್ಯಾಂಡಲ್ ಚೀಲಕ್ಕೆ ತಾವೇ ತುರುಕಿದರು.

ಊಟ ಮಾಡುವಾಗ ಅಳಿಯ ತನ್ನ ಡೇರೆಯನ್ನು ಜೋಳದ ದಂಟಿನ ಮೇಲೆ ಹರವಿದ್ದ. ಅರ್ಧ ಗಂಟೆಯ ಬಿಸಿಲಿಗೆ ಅದು ಪೂರ್ತಿ ಒಣಗಿತು.

ಹೊಲದಿಂದ ರಸ್ತೆಗೆ ಬರುವ ಹಾದಿಯಲ್ಲಿ ಬಳ್ಳಾರಿ ಜಾಲಿಯ ಬೇಲಿ ಕಡಿದು ಹಾಕಿದ್ದರು. ನನ್ನ ಹಿಂದಿನ ಗಾಲಿ ಮೊದಲು ಕೂತಿತು. ಎರಡು ನಿಮಿಷಕ್ಕೆ ಅಳಿಯನ ಮುಂಗಾಲಿಯಲ್ಲಿ ಸುಯ್ ಎಂಬ ಸದ್ದು. ಅವನು ಇಳಿದು ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿದ. ಬಿಳಿಯ ಸೀಲಂಟ್ ಒಂದಿಷ್ಟು ಚಿಮ್ಮಿ, ಗುಳ್ಳೆಗಟ್ಟಿ, ನಿಂತುಹೋಯಿತು. ಟಯರಿನೊಳಗೆ ಸುಳಿದಾಡುವ ಈ ದ್ರವದಲ್ಲಿರುವ ರಬ್ಬರ್ ಹಾಲು ಗಾಳಿಯ ರಭಸಕ್ಕೆ ತೂತಿನ ಬಾಯಿಗೆ ಬಂದು ಅಲ್ಲೇ ಹೆಪ್ಪುಗಟ್ಟುತ್ತದೆ. ನಾನು ಟ್ಯೂಬ್ ಬಿಚ್ಚಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಿ, ಮತ್ತೆ ಗಾಳಿ ಹಾಕುವಷ್ಟರಲ್ಲಿ ಅವನು ಬೇವಿನ ನೆರಳಲ್ಲಿ ಒಂದು ಹೋಳಿಗೆ ಮುಗಿಸಿದ್ದ. ಮುಳ್ಳಿನ ವಿಷಯದಲ್ಲಿ ಟ್ಯೂಬ್‌ಲೆಸ್ ಗೆದ್ದಿತು ಎಂದು ಮನಸಾರೆ ಒಪ್ಪುತ್ತೇನೆ. ಒಂದೇ ಎಚ್ಚರಿಕೆ: ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ ತುಂಬಿಕೊಳ್ಳದಿದ್ದರೆ, ಬೇಕಾದ ದಿನ ಅದು ಇರುವುದಿಲ್ಲ.

ಬಾದಾಮಿ, ಮಹಾಕೂಟ, ಪಟ್ಟದಕಲ್ಲು

ಬಾದಾಮಿಯಲ್ಲಿ ಲಾಡ್ಜಿನಲ್ಲಿ ತಂಗಿದೆವು. ಬೆಳಿಗ್ಗೆ ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ ಮೂರನೆಯ ಗುಹೆಯ ವಿಷ್ಣುವನ್ನು ನೋಡಿ ಇಳಿದುಬರುವಷ್ಟರಲ್ಲಿ ಕೋತಿಯೊಂದು ಅಳಿಯನ ಹ್ಯಾಂಡಲ್ಲಿಗೆ ನೇತುಹಾಕಿದ್ದ, ದಾರದಿಂದ ಬಾಯಿ ಬಿಗಿಯುವ ಪುಟ್ಟ ಚೀಲದಿಂದ ಚಿಕ್ಕಿ, ಬಿಸ್ಕತ್ತು, ಜೊತೆಗೆ ಚೈನಿನ ಎಣ್ಣೆಯ ಬಾಟಲಿಯನ್ನೂ ಎತ್ತಿಕೊಂಡು ಬಂಡೆಯೇರಿತ್ತು. ಬಾಯಿಯನ್ನು ಮೂರು ಸುತ್ತು ಸುತ್ತಿ ಕೊಕ್ಕೆ ಹಾಕುವ ಚೀಲಗಳನ್ನು ಅದು ಮುಟ್ಟಿರಲಿಲ್ಲ. ಎಣ್ಣೆಯನ್ನು ಊರೊಳಗಿನ ಸೈಕಲ್ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯಾಗಿ ಕೊಂಡೆವು. ಧೂಳಿನ ದಾರಿಗೆ ಅದೇನೂ ಕೆಟ್ಟದ್ದಲ್ಲ. ತೆಳುವಾಗಿ ಹಚ್ಚಿ ಹೊರಗಿನದನ್ನು ಒರೆಸಿಬಿಡಬೇಕು, ಇಲ್ಲದಿದ್ದರೆ ಧೂಳು ಅಂಟಿ ಚೈನು ಸವೆಯುತ್ತದೆ.

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ಕಾಲುದಾರಿ ಹಿಡಿದೆವು. ಕೆಂಪು ಮರಳುಗಲ್ಲಿನ ಹಾಸುಗಳು, ನಡುನಡುವೆ ಕುರುಚಲು, ಮೆಟ್ಟಿಲಿನಂತೆ ಇಳಿಯುವ ಅಂಚುಗಳು. ಅರ್ಧ ದಾರಿ ಸೈಕಲ್ಲನ್ನು ತಳ್ಳಿದ್ದೇ ಆಯಿತು. ಹೊಸ ಬಗೆಯ ಚೀಲಗಳ ನಿಜವಾದ ಲಾಭ ನನಗೆ ತಿಳಿದದ್ದು ಇಲ್ಲಿ. ನನ್ನ ಬದಿಚೀಲಗಳು ಪ್ರತಿ ಕಲ್ಲಿಗೂ ತಾಗುತ್ತಿದ್ದವು, ಪೊದೆಗೆ ಸಿಕ್ಕಿಕೊಳ್ಳುತ್ತಿದ್ದವು, ಕ್ಯಾರಿಯರಿನ ಒಂದು ಬೋಲ್ಟು ಅದುರಿ ಸಡಿಲಾಯಿತು. ಅಳಿಯನ ಸಾಮಾನೆಲ್ಲ ಅವನ ಮೈಯಗಲದ ಒಳಗೇ ಇತ್ತು. ಸೀಟಿನ ಹಿಂದಿನ ಚೀಲ ಮಾತ್ರ ಎತ್ತಿನ ಬಾಲದಂತೆ ಅತ್ತಿತ್ತ ಆಡುತ್ತಿತ್ತು. ಬಿಚ್ಚಿ, ಮಲಗುವ ಚೀಲವನ್ನು ತಳಕ್ಕೆ ಗಟ್ಟಿಯಾಗಿ ಒತ್ತಿ, ಗಾಳಿಯೆಲ್ಲ ಹೊರಡುವಂತೆ ಸುತ್ತಿ ಕಟ್ಟಿದ ಮೇಲೆ ಆಟ ನಿಂತಿತು. ಡೈನಮೊ ಈ ದಾರಿಯಲ್ಲಿ ಏನೂ ಕೊಡಲಿಲ್ಲ. 6 ವೋಲ್ಟ್, 3 ವ್ಯಾಟ್ ಎಂದು ಅದರ ಮೇಲೆ ಬರೆದಿರುತ್ತದೆ, ಆದರೆ ಫೋನಿಗೆ ಸಾಕಾಗುವಷ್ಟು ವಿದ್ಯುತ್ತು ಗಂಟೆಗೆ 15 ಕಿ.ಮೀ. ವೇಗದ ಮೇಲೆಯೇ ಬರುತ್ತದೆ. ಗುಡ್ಡದ ದಾರಿಗೆ ಹೋಗುವವರು ಪವರ್ ಬ್ಯಾಂಕನ್ನೇ ನೆಚ್ಚಿಕೊಳ್ಳಬೇಕು.

ಮಹಾಕೂಟದ ಹೊಂಡದಲ್ಲಿ ಮುಳುಗಿ, ನಂದಿಕೇಶ್ವರದ ಮೇಲಿಂದ ಪಟ್ಟದಕಲ್ಲಿಗೆ ಹೋಗಿ, ಮಲಪ್ರಭೆಯನ್ನು ಮತ್ತೆ ಹತ್ತಿರದಿಂದ ಕಂಡೆವು. ಇಲ್ಲಿ ನದಿ ಉತ್ತರಕ್ಕೆ ಹರಿಯುತ್ತದೆ. ಆ ರಾತ್ರಿ ಅಲ್ಲೇ ಊರವರೊಬ್ಬರ ಮನೆಯ ಪಡಸಾಲೆಯಲ್ಲಿ ಮಲಗಿದೆವು.

ಐಹೊಳೆಯಿಂದ ಅಮೀನಗಡಕ್ಕೆ

ಐಹೊಳೆಗೆ ಇನ್ನು ಸ್ವಲ್ಪವೇ ದೂರವಿದೆ ಎನ್ನುವಾಗ ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಅಳಿಯ ಟಾರಿನ ಅಂಚಿನಿಂದ ಕೆಳಗಿಳಿದ. ಅಲ್ಲಿ ನೆಲದಿಂದ ಎದ್ದಿದ್ದ ಕಲ್ಲಿನ ಚೂಪು ಅಂಚು ಹಿಂದಿನ ಟಯರಿನ ಪಕ್ಕೆಯನ್ನು ಒಂದು ಇಂಚಿನಷ್ಟು ಸೀಳಿತು. ಇಂಥ ಸೀಳನ್ನು ಸೀಲಂಟ್ ಮುಚ್ಚಲಾರದು. ರಬ್ಬರಿನ ಬತ್ತಿಯನ್ನು ತೂರಿಸಿ ನೋಡಿದೆವು. ತುಳಿದ ಹಾಗೆಲ್ಲ ಟಯರಿನ ಪಕ್ಕೆ ಬಗ್ಗುವುದರಿಂದ ಅದು ನಿಲ್ಲಲಿಲ್ಲ. ಕೊನೆಗೆ ಸೀಳಿನ ಒಳಗಡೆ ಖಾಲಿ ಗೋಣಿಚೀಲದ ತುಂಡು ಇಟ್ಟು, ಅಳಿಯ ತುರ್ತಿಗೆಂದು ತಂದಿದ್ದ, ಟಿ.ಪಿ.ಯು. ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬನ್ನು ಹಾಕಿದೆವು. ಕಿತ್ತಳೆ ಬಣ್ಣದ, ಪಾರದರ್ಶಕವಾದ, ಅಂಗೈಯಲ್ಲಿ ಹಿಡಿಯುವ ಈ ಟ್ಯೂಬು 50 ಗ್ರಾಮನ್ನೂ ತೂಗುವುದಿಲ್ಲ. ಮಾಮೂಲಿ ರಬ್ಬರ್ ಟ್ಯೂಬು ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಅದು ನಮ್ಮನ್ನು ಐಹೊಳೆಗೆ ಮುಟ್ಟಿಸಿತು, ದುರ್ಗದ ಗುಡಿಯ ನೆರಳಿನಲ್ಲಿ ಕಬ್ಬಿನ ಹಾಲು ಕುಡಿಯಲು ಸಮಯ ಕೊಟ್ಟಿತು, ಅಮೀನಗಡದ ದಾರಿಯಲ್ಲಿ ಟಯರಿನೊಳಗೆ ಉಳಿದಿದ್ದ ಮುಳ್ಳಿನ ತುದಿಯೊಂದು ಚುಚ್ಚಿ ಕೂತುಬಿಟ್ಟಿತು. ಉಳಿದ ದೂರವನ್ನು ನಡೆದೆವು.

ಅಮೀನಗಡದ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಒತ್ತಿದರು. ಗಾಳಿ ತುಂಬಿದ ಕೂಡಲೇ ಪ್ಯಾಚ್ ಸಿಪ್ಪೆಯಂತೆ ಎದ್ದುಬಂತು. ಈ ಪ್ಲಾಸ್ಟಿಕ್ಕಿಗೆ ರಬ್ಬರಿನ ಸಲ್ಯೂಷನ್ ಹಿಡಿಯುವುದಿಲ್ಲ. ಅದಕ್ಕೆ ಅದರದೇ ಅಂಟು ಪ್ಯಾಚುಗಳು ಬೇಕು, ಅವೂ ಮುಗಿದಿದ್ದವು. ಅವರ ಕಂಪ್ರೆಸರ್ ಕೂಡ ಆ ಸಪೂರ ವಾಲ್ವಿಗೆ ನೇರವಾಗಿ ಕೂರಲಿಲ್ಲ. ನನ್ನ ಹತಾರದ ಚೀಲದಲ್ಲಿದ್ದ, ಉಗುರಿನಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ತೆಗೆದುಕೊಟ್ಟ ಮೇಲೆಯೇ ಗಾಳಿ ತುಂಬಿದ್ದು.

“ಇದ್ನ ಬಿಡ್ರಿ ಸರ,” ಎಂದರು ಅವರು. “29ರ ಟ್ಯೂಬ್ ಐತಿ ನನ್ನ ಕಡೆ. ಆದ್ರ ಕಾರಿನ ವಾಲ್ವ್. ನಿಮ್ಮ ರಿಮ್ಮಿನ ತೂತ ಸಣ್ಣದೈತಿ.”

700ಸಿ ಎಂದು ಕರೆಯುವ ಅಳಿಯನ ಗಾಲಿಗೂ 29 ಇಂಚಿನ ಗಾಲಿಗೂ ಟಯರು ಕೂರುವ ವ್ಯಾಸ ಒಂದೇ, 622 ಮಿ.ಮೀ. ಆದ್ದರಿಂದ ಟ್ಯೂಬು ಹೊಂದುತ್ತದೆ. ವಾಲ್ವಿನ ತೂತು ಮಾತ್ರ ಬೇರೆ: ಸಪೂರ ವಾಲ್ವಿಗೆ 6.5 ಮಿ.ಮೀ., ಕಾರಿನ ವಾಲ್ವಿಗೆ 8.5. ಅಂಗಡಿಯವರು ದುಂಡನೆಯ ಅರ ತೆಗೆದರು.

“ಮಾಮಾ, ಹೊಸಾ ರಿಮ್ಮದು,” ಎಂದ ಅಳಿಯ.

“ತಮ್ಮಾ, ಈ ತೂತ ದೊಡ್ಡದಾತು ಅಂದ್ರ ನಿನಗ ಯಾವ ಊರಾಗರ ಗಾಳಿ ಸಿಗತೈತಿ,” ಎಂದರು ಅಂಗಡಿಯವರು.

ಅಲ್ಯೂಮಿನಿಯಂ ರಿಮ್ ಆದ್ದರಿಂದ ನಾನು ಒಪ್ಪಿದೆ. ಕಾರ್ಬನ್ ರಿಮ್ಮಿಗೆ ಅರ ಹಾಕಲು ನಾನು ಯಾರಿಗೂ ಹೇಳುವುದಿಲ್ಲ. ಮುಂದೆ ಸಪೂರ ವಾಲ್ವನ್ನೇ ಹಾಕಬೇಕೆಂದರೆ ತೂತಿಗೆ ಕೂರಿಸುವ ಪುಟ್ಟ ಬಳೆ ಸಿಗುತ್ತದೆ. ಅವರು ಬಹಳ ತಾಳ್ಮೆಯಿಂದ, ಅಳೆದು ಅಳೆದು ಉಜ್ಜಿ, ಅಂಚನ್ನು ಉಪ್ಪುಕಾಗದದಿಂದ ನಯಮಾಡಿದರು. ಆಮೇಲೆ ಟಯರನ್ನು ಕೈಗೆತ್ತಿಕೊಂಡು, ಸೀಳು ಹಾಗೆಯೇ ಇದ್ದರೆ ಎಂಥ ಟ್ಯೂಬೂ ಹೊರಗೆ ಉಬ್ಬಿ ಒಡೆಯುತ್ತದೆ ಎಂದು ಹೇಳಿ, ನಮ್ಮನ್ನು ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರ ಬಳಿಗೆ ಕಳಿಸಿದರು.

ಆ ಹಿರಿಯರು ಸೀಳನ್ನು ಹೆಬ್ಬೆರಳಿನಿಂದ ಅಗಲಿಸಿ ನೋಡಿ, ಟಯರಿನ ಬಟ್ಟೆಯ ನೂಲುಗಳು ಯಾವ ದಿಕ್ಕಿಗೆ ಓಡುತ್ತವೆ ಎಂಬುದನ್ನು ಮೊದಲು ಗುರುತಿಸಿಕೊಂಡರು. ಮೇಣ ಹಚ್ಚಿದ ದಾರವನ್ನು ಸೀಳಿನ ಅಂಚಿನಿಂದ ಸಾಕಷ್ಟು ಹಿಂದಕ್ಕೆ ಚುಚ್ಚಿ, ಒಂದು ಹೊಲಿಗೆ ಹತ್ತಿರ ಒಂದು ಹೊಲಿಗೆ ದೂರ ಬರುವಂತೆ ಅಡ್ಡಡ್ಡ ಹೊಲಿದರು. ಎಲ್ಲ ತೂತುಗಳೂ ಒಂದೇ ಸಾಲಿನಲ್ಲಿ ಬಂದರೆ ಆ ಸಾಲಿನುದ್ದಕ್ಕೇ ಮತ್ತೆ ಹರಿಯುತ್ತದೆ ಎಂದು ಅಳಿಯನಿಗೆ ತೋರಿಸಿಕೊಟ್ಟರು. ಒಳಗಡೆ ಸ್ಕೂಟರಿನ ಹಳೆಯ ಟ್ಯೂಬಿನ ತುಂಡನ್ನು ಅಂಚು ತೆಳ್ಳಗೆ ಕೆತ್ತಿ ಅಂಟಿಸಿದರು. ಆ ಕೈಗಳ ಕೆಲಸ ನೋಡುತ್ತ ನಿಂತಾಗ, ಹಗುರ ಸಾಮಾನನ್ನು ತಕ್ಕಡಿಯ ಮುಳ್ಳಿನಿಂದಷ್ಟೇ ಆರಿಸುವುದು ಅರ್ಧ ಲೆಕ್ಕ ಎಂದು ನನಗೆ ಬಲವಾಗಿ ಅನ್ನಿಸಿತು. 50 ಗ್ರಾಮಿನ ಟ್ಯೂಬು ಅಮೀನಗಡದಲ್ಲಿ ದುರಸ್ತಿಯಾಗದಿದ್ದರೆ ಅದರ ಜೊತೆಗೆ ಎರಡನೆಯದನ್ನೂ ಅದರದೇ ಪ್ಯಾಚನ್ನೂ ಹೊರಬೇಕು. ಕೇಬಲ್ಲಿನ ಬ್ರೇಕು ಕೆಟ್ಟರೆ ಕೇಬಲ್ಲು ಪ್ರತಿ ತಾಲ್ಲೂಕಿನಲ್ಲೂ ಇದೆ, ಎಣ್ಣೆಯ ಬ್ರೇಕು ಕೆಟ್ಟರೆ ದೊಡ್ಡ ಊರಿಗೆ ಹೋಗಬೇಕು. 11 ಹಲ್ಲುಚಕ್ರಗಳ ಚೈನಿನ ಕೊಂಡಿ ಇಲ್ಲೆಲ್ಲೂ ಸಿಗುವುದಿಲ್ಲ, ಹಾಗಾಗಿ ಕೆಲವೇ ಗ್ರಾಮಿನ ಆ ಕೊಂಡಿಯನ್ನು ಮರೆಯದೆ ಒಯ್ಯಬೇಕು. ಎಲ್ಲಿ ಏನು ಸಿಗುತ್ತದೆ ಎಂಬ ತಿಳಿವಳಿಕೆಯೇ ಚೀಲದ ತೂಕವನ್ನು ಇಳಿಸುತ್ತದೆ.

ಇಷ್ಟಾಗುವಷ್ಟರಲ್ಲಿ ಸಂಜೆಯಾಗಿತ್ತು. ಅಂಟು, ಒಣ ಉತ್ತತ್ತಿ, ಕೊಬ್ಬರಿ, ಬೆಲ್ಲದ ಅಮೀನಗಡದ ಕರದಂಟನ್ನು ಅರ್ಧ ಕಿಲೋ ಕಟ್ಟಿಸಿಕೊಂಡು ಕೂಡಲಸಂಗಮಕ್ಕೆ ಹೊರಟೆವು. ಏರಿನ ಬುಡದಲ್ಲಿ ಒಂದು ತುಂಡು ಬಾಯಿಗೆ ಹಾಕಿಕೊಂಡರೆ ನೆತ್ತಿಯ ತನಕ ಅದು ನಡೆಸುತ್ತದೆ.

ಸಂಗಮದಿಂದ ವಿಜಯಪುರಕ್ಕೆ

ಸಂಗಮದಲ್ಲಿ ಯಾತ್ರಿ ನಿವಾಸದಲ್ಲಿ ತಂಗಿ, ಬೆಳಿಗ್ಗೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿರುವ ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿದು ಬಂದೆವು. ಮಲಪ್ರಭೆ ಇಲ್ಲಿಗೆ ಮುಗಿಯಿತು.

ಮುಂದಿನದು ರಾಷ್ಟ್ರೀಯ ಹೆದ್ದಾರಿ 50. ದಾರಿ ಅಗಲ, ನಯ, ಹೇಳುವಂಥದ್ದು ಕಡಿಮೆ, ಗಾಳಿಯೊಂದನ್ನು ಬಿಟ್ಟು. ಈ ತಿಂಗಳುಗಳಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಆಲಮಟ್ಟಿಯ ಬಳಿ ಕೃಷ್ಣೆಯ ಸೇತುವೆಯ ಮೇಲೆ ಅದು ಬಲಗಡೆಯಿಂದ ತಳ್ಳುತ್ತಿತ್ತು. ನನ್ನ ಬದಿಚೀಲಗಳು ಗಾಳಿಗೆ ಹಾಯಿಯಾದವು. ಅಳಿಯ ಅದೇ ಶ್ರಮಕ್ಕೆ ನನಗಿಂತ ಸದಾ ಮುಂದಿರುತ್ತಿದ್ದ; ಡೈನಮೊ ಕೂಡ ಇಲ್ಲಿ ತನ್ನ ಬೆಲೆ ತೋರಿಸಿತು, ನಿಡಗುಂದಿಯಲ್ಲಿ ಚಹಾಕ್ಕೆ ನಿಂತಾಗ ಫೋನು ಪೂರ್ತಿ ತುಂಬಿತ್ತು. ಬಸವನ ಬಾಗೇವಾಡಿಯಲ್ಲಿ ಉಂಡು, ಮನಗೂಳಿಯ ಮೇಲೆ ಹಾಯ್ದು, ಗೋಳಗುಮ್ಮಟ ದೂರದಿಂದಲೇ ಕಣ್ಣಿಗೆ ಬಿದ್ದಾಗ ಎದುರಿನಿಂದ ಒಂದು ಸಾಲು ಹುಡುಗರು ರೇಸಿನ ಸೈಕಲ್ಲುಗಳಲ್ಲಿ ತಲೆ ತಗ್ಗಿಸಿ ಬಂದರು. ವಿಜಯಪುರ, ಬಾಗಲಕೋಟೆಗಳು ರಾಜ್ಯಕ್ಕೂ ದೇಶಕ್ಕೂ ಸೈಕಲ್ ಪಟುಗಳನ್ನು ಕೊಟ್ಟ ಜಿಲ್ಲೆಗಳು. ಇಲ್ಲಿ ಸೈಕಲ್ ತುಳಿಯುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಲಾರಿಯವರು ಸಹ ಒಂದು ಮೊಳ ಹೆಚ್ಚೇ ಜಾಗ ಬಿಡುತ್ತಾರೆ.

ಊರೊಳಗೆ ಕೊಲ್ಹಾರದ ಗಡಿಗೆ ಮೊಸರು ಕೊಂಡು ತಿಂದು, ಸೈಕಲ್ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ತಮ್ಮ ಕಾಲದಲ್ಲಿ ರೇಸಿಗೆ ಇಳಿದವರು. ಅಳಿಯನ ಹಿಂದಿನ ಗಾಲಿಯನ್ನು ತಿರುಗಿಸಿ, ಸ್ಪೋಕುಗಳನ್ನು ಎರಡೆರಡಾಗಿ ಹಿಂಡಿ ನೋಡಿ ಬಿಗಿ ಸರಿಮಾಡಿದರು. ಅಮೀನಗಡದ ಹೊಲಿಗೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. “ಚಲೋ ಕೈರಿ ಅವರದು. ಇದು ಇನ್ನೂ ಓಡತೈತಿ. ಆದ್ರ ಇದನ್ನ ಎಂದೂ ಮುಂದಿನ ಗಾಲಿಗೆ ಹಾಕಬ್ಯಾಡ, ತಮ್ಮಾ. ಹಿಂದ ಒಡದ್ರ ಸೈಕಲ್ ನಿಲ್ಲತೈತಿ, ಮುಂದ ಒಡದ್ರ ನೀ ಬೀಳ್ತಿ.” ಗಟ್ಟಿ ಟಯರು ಯಾವಾಗಲೂ ಮುಂದಿರಬೇಕು ಎಂಬ ಈ ಮಾತನ್ನು ಅವರು ತಮ್ಮ ಹುಡುಗರಿಗೂ ದಿನಾ ಹೇಳುತ್ತಾರಂತೆ.

ಮರಳಿ ಬಂದ ಮೇಲೆ ಅಳಿಯ ಒಂದು ಪದರದ ಡೇರೆಯನ್ನು ಗೆಳೆಯನಿಗೆ ಕೊಟ್ಟು ಎರಡು ಪದರದ, ತೂಕದಲ್ಲಿ ಸುಮಾರು 300 ಗ್ರಾಮ್ ಹೆಚ್ಚಿನದನ್ನು ತರಿಸಿದ್ದಾನೆ. ಮುಂದಿನ ರಿಮ್ಮಿನ ತೂತನ್ನೂ ತಾನೇ ಅರ ಹಿಡಿದು ದೊಡ್ಡದು ಮಾಡಿಕೊಂಡು, ಬಳೆ ಕೂರಿಸಿ ಟ್ಯೂಬ್‌ಲೆಸ್ ವಾಲ್ವನ್ನೇ ಉಳಿಸಿಕೊಂಡಿದ್ದಾನೆ. ಸೀಲಂಟ್ ತುಂಬಿದ ತಾರೀಖನ್ನು ರಿಮ್ಮಿನ ಮೇಲೆ ಬರೆದಿಟ್ಟಿದ್ದಾನೆ. ನಾನು ಬದಿಚೀಲ, ಕ್ಯಾರಿಯರ್ ಬಿಚ್ಚಿಟ್ಟು, ನನ್ನ ಹಳೆಯ ಫ್ರೇಮಿನ ತ್ರಿಕೋನದ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಹೊಲಿಯಲು ಕೊಟ್ಟಿದ್ದೇನೆ. ಬಾಟಲಿ ತೆಗೆಯಲು ಬಲಗಡೆ ಉದ್ದನೆಯ ಜಿಪ್ಪು, ಹೆಗಲಿಗೆ ಹಾಕಲು ಬರುವಂತೆ ಮೇಲ್ಗಡೆ ನಾಲ್ಕು ಬೆರಳು ಜಾಗ ಖಾಲಿ ಬಿಡಬೇಕೆಂದು ಹೇಳಿ ಬಂದಿದ್ದೇನೆ. ಮಳೆಗಾಲ ಮುಗಿದ ಮೇಲೆ ಕಣಕುಂಬಿಯಿಂದ ನವಿಲುತೀರ್ಥದವರೆಗಿನ ಮೇಲಿನ ದಾರಿ ಬಾಕಿಯಿದೆ.